ನೋಡಿದವನೊಬ್ಬ, ಹೇಳಿದವನೊಬ್ಬ: ಅಮೆರಿಕನ್ ಸಾಹಿತ್ಯದೊಳಗಿನ ಕಪ್ಪು

ಒಂದು ವಾಕ್ಯದಿಂದ ಶುರುಮಾಡುತ್ತೇನೆ. ಅರ್ನೆಸ್ಟ್ ಹೆಮಿಂಗ್ವೇ 1937ರಲ್ಲಿ ಪ್ರಕಟಿಸಿದ 'ಟು ಹ್ಯಾವ್ ಅಂಡ್ ಹ್ಯಾವ್ ನಾಟ್' ಕಾದಂಬರಿಯ ಮೊದಲ ಭಾಗ. ಕ್ಯೂಬಾದ ಹತ್ತಿರದ ಸಮುದ್ರ. ಹ್ಯಾರಿ ಮಾರ್ಗನ್ ಎಂಬ ಬಿಳಿಯ ತನ್ನ ದೋಣಿಯನ್ನು ಮೀನು ಹಿಡಿಯುವ ಹವ್ಯಾಸದ ಒಬ್ಬ ಅಮೆರಿಕನ್ನನಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ದೋಣಿ ನಡೆಸುತ್ತಿರುವವನು ಒಬ್ಬ ಕಪ್ಪು ಆಳು. ಮೀನು ಯಾವಾಗ ಕಂಡೀತೋ ಎಂದು ಎಲ್ಲರೂ ಕಾಯುತ್ತಿರುವಾಗ ಮುಂದೆ ಹಾರುಮೀನುಗಳ ಹಿಂಡು ನೀರಿನಿಂದ ಚಿಮ್ಮುತ್ತದೆ. ಅದನ್ನು ಮೊದಲು ಕಂಡವನು ಆ ಆಳು. "ಅಗೋ ಅಲ್ಲಿ!" ಎಂದು ಅವನು ಕೂಗಬೇಕಿತ್ತು. ಕೂಗುವುದಿಲ್ಲ. ಕಥೆ ಹೇಳುತ್ತಿರುವ ಹ್ಯಾರಿ ಬರೆಯುವುದು ಹೀಗೆ: ನಾನು ನೋಡಿದೆ, ಅವನು ಮೀನು ಕಂಡಿದ್ದನ್ನು ಕಂಡೆ.

ಇಂಗ್ಲಿಷಿನಲ್ಲೂ ಆ ವಾಕ್ಯ ಹೀಗೇ ತೊಡರುತ್ತದೆ. ಚೊಕ್ಕ ವಾಕ್ಯಗಳಿಗೆ ಹೆಸರಾದ ಬರಹಗಾರ ಇಲ್ಲೇಕೆ ಎಡವಿದ? ಈ ಪ್ರಶ್ನೆ ಕೇಳಿದವರು ಕಪ್ಪು ಕಾದಂಬರಿಗಾರ್ತಿ ಟೋನಿ ಮಾರಿಸನ್. 1990ರಲ್ಲಿ ಹಾರ್ವರ್ಡ್‌ನಲ್ಲಿ ಅವರು ಕೊಟ್ಟ ಉಪನ್ಯಾಸಗಳು 1992ರಲ್ಲಿ 'ಪ್ಲೇಯಿಂಗ್ ಇನ್ ದ ಡಾರ್ಕ್' ಎಂಬ ತೆಳ್ಳನೆಯ ಪುಸ್ತಕವಾದವು. ಆ ಆಳು ಕೂಗಿಬಿಟ್ಟರೆ ಅವನು ಕಣ್ಣು, ಬುದ್ಧಿ, ಮಾತು ಇರುವ ಮನುಷ್ಯನಾಗುತ್ತಾನೆ. ಎಲ್ಲವನ್ನೂ ಬಲ್ಲ ಗಂಡಸು ತಾನೊಬ್ಬನೇ ಎಂಬ ಹ್ಯಾರಿಯ ಠೀವಿ ನಿಂತಿರುವುದೇ ಅವನ ಮೌನದ ಮೇಲೆ. ಹಾಗಾಗಿ ವಾಕ್ಯ ಸೊಟ್ಟಗಾದರೂ ಸರಿ, ಅವನ ಬಾಯಿ ತೆರೆಯುವಂತಿಲ್ಲ. ಮಾರಿಸನ್ ಕಂಡದ್ದು ಇದು.

ಇದನ್ನು ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಅಲ್ಲಿಯವರೆಗೆ ಅಮೆರಿಕನ್ ಸಾಹಿತ್ಯದಲ್ಲಿ 'ಕಪ್ಪು ಜನರ ಸಾಹಿತ್ಯ' ಎಂಬುದೊಂದು ಬೇರೆ ಕೋಣೆ, ಅಲ್ಲಿಗೆ ಹೋಗಿ ನೋಡಿಬರಬಹುದು ಎಂದುಕೊಂಡಿದ್ದೆ. ಮಾರಿಸನ್ ತೋರಿಸಿದ್ದು ಇಡೀ ಮನೆಯ ಅಡಿಪಾಯವನ್ನು. ಕಪ್ಪು ಜನರ ಬಗ್ಗೆ ಬರೆಯಬೇಕೆಂದು ಅಂದುಕೊಳ್ಳದ ಲೇಖಕರ ವಾಕ್ಯರಚನೆಯನ್ನೂ ಕಪ್ಪು ಜನರ ಇರವು ಬಗ್ಗಿಸಿದೆ.

ಮೊದಲು 'ರೇಸ್' ಎಂಬ ಪದವನ್ನು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ನಾವು ಅದನ್ನು ಒಮ್ಮೆ ಜನಾಂಗ ಎನ್ನುತ್ತೇವೆ, ಒಮ್ಮೆ ವರ್ಣ ಎನ್ನುತ್ತೇವೆ. ಎರಡೂ ಪೂರ್ತಿ ಹೊಂದುವುದಿಲ್ಲ. ಬಣ್ಣವೊಂದೇ ಆಗಿದ್ದರೆ 1896ರ ಪ್ಲೆಸಿ ಮೊಕದ್ದಮೆ ಹುಟ್ಟುತ್ತಲೇ ಇರಲಿಲ್ಲ. ಲೂಸಿಯಾನಾದ ಹೋಮರ್ ಪ್ಲೆಸಿ ನೋಡಲು ಬಿಳಿಯನಂತೆಯೇ ಇದ್ದ, ಅವನ ಪೂರ್ವಿಕರಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯರು. ಬಿಳಿಯರ ರೈಲು ಡಬ್ಬಿಯಲ್ಲಿ ಕೂತು, ತಾನು ಯಾರೆಂದು ತಾನೇ ತಿಳಿಸಿದ ಮೇಲೆ ಅವನನ್ನು ಬಂಧಿಸಿದರು. 'ಬೇರೆ ಬೇರೆ, ಆದರೆ ಸಮಾನ' ಎಂಬ ನೆಪದಲ್ಲಿ ಸುಪ್ರೀಂ ಕೋರ್ಟ್ ಪ್ರತ್ಯೇಕತೆಯನ್ನು ಎತ್ತಿಹಿಡಿಯಿತು. ಇದಕ್ಕೂ ಬಹಳ ಹಿಂದೆ, 1662ರಲ್ಲೇ, ವರ್ಜೀನಿಯಾದಲ್ಲಿ ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ ಎಂಬ ಕಾನೂನು ಬಂದಿತ್ತು. ಒಡೆಯನಿಗೆ ಹುಟ್ಟಿದ ಮಗು ಒಡೆಯನ ಆಸ್ತಿಯಾಗುವ ಕಾನೂನು ಅದು. ಅಂದರೆ ರೇಸ್ ಎನ್ನುವುದು ಚರ್ಮಕ್ಕಿಂತ ಹೆಚ್ಚಾಗಿ ಕಾಗದದ ಮೇಲೆ, ಲೆಕ್ಕದ ಪುಸ್ತಕದಲ್ಲಿ, ನ್ಯಾಯಾಲಯದಲ್ಲಿ ಬರೆದು ಮಾಡಿದ ವಸ್ತು. ಬರಹದಿಂದ ಕಟ್ಟಿದ್ದನ್ನು ಸಾಹಿತ್ಯ ಮುಟ್ಟದೆ ಇರಲು ಹೇಗೆ ಸಾಧ್ಯ?

ಇನ್ನೊಂದು ಕಡೆಯಿಂದ ನೋಡಿದರೆ, ಬರೆಯುವುದೇ ಅಪರಾಧವಾಗಿತ್ತು. ಗುಲಾಮರಿಗೆ ಬರವಣಿಗೆ ಕಲಿಸಬಾರದೆಂದು ಸೌತ್ ಕೆರೊಲಿನಾ 1740ರಲ್ಲಿ ಕಾನೂನು ಮಾಡಿತು. ಓದುಬರಹ ಬಂದರೆ ಗುಲಾಮ ತಾನೇ ಪ್ರಯಾಣದ ರಹದಾರಿ ಬರೆದುಕೊಂಡು ಓಡಿಹೋಗುತ್ತಾನೆ ಎಂಬ ಭಯ ಒಡೆಯರಿಗಿತ್ತು. ಅದಕ್ಕಿಂತ ಆಳದ ಭಯ ಇನ್ನೊಂದು. ಅಕ್ಷರವೇ ಮನುಷ್ಯತ್ವದ ಗುರುತು ಎಂದು ಯುರೋಪಿನ ತತ್ವಜ್ಞಾನಿಗಳು ಸಾರುತ್ತಿದ್ದ ಶತಮಾನ ಅದು. ಗುಲಾಮ ಪದ್ಯ ಬರೆದರೆ ಇಡೀ ವಾದವೇ ಕುಸಿಯುತ್ತದೆ.

ಫಿಲಿಸ್ ವೀಟ್ಲಿ ಬರೆದಳು. 1761ರಲ್ಲಿ, ಇನ್ನೂ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಪಶ್ಚಿಮ ಆಫ್ರಿಕಾದಿಂದ ಬಾಸ್ಟನ್ ಬಂದರಿಗೆ ತಂದು ಮಾರಿದ ಹುಡುಗಿ. ಅವಳನ್ನು ತಂದ ಹಡಗಿನ ಹೆಸರೇ ಫಿಲಿಸ್. ಕೊಂಡವರು ಆ ಹೆಸರನ್ನೇ ಇಟ್ಟರು, ತಮ್ಮ ಮನೆತನದ ಹೆಸರನ್ನು ಅಂಟಿಸಿದರು. ಹದಿಹರೆಯದಲ್ಲೇ ಅವಳು ಇಂಗ್ಲಿಷಿನಲ್ಲಿ ಛಂದೋಬದ್ಧ ಪದ್ಯ ಬರೆಯುತ್ತಿದ್ದಳು, ಲ್ಯಾಟಿನ್ ಓದುತ್ತಿದ್ದಳು. ಬಾಸ್ಟನ್ನಿನಲ್ಲಿ ಪುಸ್ತಕ ತರುವ ಪ್ರಯತ್ನ ಫಲಿಸಲಿಲ್ಲ. 1773ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು, ಮೊದಲಲ್ಲೇ ಒಂದು ಪ್ರಮಾಣಪತ್ರದೊಂದಿಗೆ: ಈ ಪದ್ಯಗಳನ್ನು ಬರೆದವಳು ಇವಳೇ ಎಂದು ನಾವು ನಂಬುತ್ತೇವೆ. ಸಹಿ ಹಾಕಿದ ಹದಿನೆಂಟು ಗಂಡಸರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಇದ್ದ, ಮುಂದೆ ಸ್ವಾತಂತ್ರ್ಯ ಘೋಷಣೆಗೆ ಮೊದಲ ಸಹಿ ಹಾಕಲಿದ್ದ ಜಾನ್ ಹ್ಯಾನ್‌ಕಾಕ್ ಇದ್ದ. ಪದ್ಯ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಮೊದಲು, ಇದು ನಿನ್ನದೇ ಎಂಬ ಪ್ರಶ್ನೆ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಇನ್ನೂ ಮುಂದೆ ಹೋದ. ಧರ್ಮ ಒಬ್ಬ ಫಿಲಿಸಳನ್ನು ಹುಟ್ಟಿಸಿತು, ಕವಿಯನ್ನು ಹುಟ್ಟಿಸಲಾರದಾಯಿತು ಎಂದು ವರ್ಜೀನಿಯಾದ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ ಹೇಳಿದ. ಅಮೆರಿಕದಲ್ಲಿ ಕಪ್ಪು ಸಾಹಿತ್ಯದ ವಿಮರ್ಶೆ ಶುರುವಾದದ್ದೇ ಹೀಗೆ, ಒಂದು ಪಾಟೀಸವಾಲಿನಂತೆ.

ವೀಟ್ಲಿಯನ್ನು ಕಪ್ಪು ಓದುಗರೂ ಬಹಳ ಕಾಲ ಮೆಚ್ಚಲಿಲ್ಲ. ಆಫ್ರಿಕಾದಿಂದ ತನ್ನನ್ನು ತಂದದ್ದು ದೇವರ ಕೃಪೆ ಎಂದು ಹೇಳುವ ಎಂಟು ಸಾಲಿನ ಅವಳ ಪದ್ಯ ಯಾರಿಗೆ ತಾನೇ ಸಹ್ಯವಾದೀತು? ಅದರ ಕೊನೆಯಲ್ಲಿ ಒಂದು ಮಾತಿದೆ: ನೆನಪಿಡಿ, ಕ್ರೈಸ್ತರೇ, ಕೇನನಂತೆ ಕಪ್ಪಾದ ನೀಗ್ರೋಗಳು ಕೂಡ ಶುದ್ಧರಾಗಿ ದೇವದೂತರ ಸಾಲು ಸೇರಬಹುದು. ಕೇನ ಎಂದರೆ ಬೈಬಲ್ಲಿನಲ್ಲಿ ತಮ್ಮನನ್ನು ಕೊಂದ ಪಾಪಿ. ಆದರೆ ಮೂಲದ ಅಲ್ಪವಿರಾಮಗಳನ್ನು ನೋಡಿ. ಅಲ್ಲಿ 'ಕ್ರೈಸ್ತರು' ಯಾರನ್ನೋ ಕರೆಯುವ ಸಂಬೋಧನೆಯೂ ಆಗಬಹುದು, 'ನೀಗ್ರೋಗಳು' ಎಂಬುದರ ಜೊತೆ ಸೇರಿ ಒಂದೇ ಪಟ್ಟಿಯೂ ಆಗಬಹುದು. ಪಟ್ಟಿ ಎಂದು ಓದಿದರೆ ಕೇನನ ಪಾಪದಲ್ಲಿ ಕಪ್ಪಾದವರು ಇಬ್ಬರೂ, ಶುದ್ಧರಾಗಬೇಕಾದವರೂ ಇಬ್ಬರೂ. ಹದಿನೈದರ ಆಸುಪಾಸಿನ ಗುಲಾಮ ಹುಡುಗಿ ಒಡೆಯರ ಮನೆಯಲ್ಲಿ ಕೂತು ಬರೆಯುವಾಗ ಮಾತನ್ನು ಅಲ್ಪವಿರಾಮದಲ್ಲಿ ಅಡಗಿಸದೆ ಇನ್ನೆಲ್ಲಿ ಅಡಗಿಸಿಯಾಳು? ಈಚಿನ ವಿಮರ್ಶಕರಲ್ಲಿ ಹಲವರು ಈ ಓದನ್ನು ಒಪ್ಪುತ್ತಾರೆ. ನಾನೂ ಒಪ್ಪುತ್ತೇನೆ.

ಮುಂದಿನ ಶತಮಾನದಲ್ಲೂ ಪ್ರಮಾಣಪತ್ರದ ಕಾಟ ಬಿಡಲಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಆತ್ಮಕಥೆ ತಂದಾಗ ಹೆಸರಿನ ಜೊತೆಗೇ 'ಸ್ವತಃ ಬರೆದದ್ದು' ಎಂದು ಸೇರಿಸಬೇಕಾಯಿತು. ಮುಂದೆ ಇಬ್ಬರು ಬಿಳಿಯರ ಮಾತು, ಆಮೇಲೆ ಅವನ ಮಾತು. ಹ್ಯಾರಿಯೆಟ್ ಜೇಕಬ್ಸ್ ಒಡೆಯನಿಂದ ತಪ್ಪಿಸಿಕೊಂಡು ತನ್ನ ಅಜ್ಜಿಯ ಮನೆಯ ಮಾಡಿನ ಕೆಳಗೆ, ನೆಟ್ಟಗೆ ನಿಲ್ಲಲಾಗದ ಕಿಂಡಿಯಲ್ಲಿ ಏಳು ವರ್ಷ ಅವಿತಿದ್ದವಳು. 1861ರಲ್ಲಿ ಹೆಸರು ಮರೆಸಿಕೊಂಡು ಅದನ್ನೆಲ್ಲ ಬರೆದಳು. ಇದು ಯಾರೋ ಕಟ್ಟಿದ ಕಾದಂಬರಿ ಎಂದೇ ವಿದ್ವಾಂಸರು ನೂರು ವರ್ಷಕ್ಕೂ ಹೆಚ್ಚು ಕಾಲ ಭಾವಿಸಿದ್ದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಹಳೆಯ ಪತ್ರಗಳನ್ನು ಕೆದಕಿ, ಪ್ರತಿಯೊಂದೂ ನಡೆದದ್ದೇ, ಬರೆದವಳೂ ಅವಳೇ ಎಂದು ತೋರಿಸಿದರು.

ಅದೇ ಕಾಲದ ಬಿಳಿ ಲೇಖಕರ ಕಡೆ ಬರೋಣ, ಮಾರಿಸನ್ ಅವರ ಕಣ್ಣಲ್ಲೇ. ಎಡ್ಗರ್ ಅಲನ್ ಪೋ 1838ರಲ್ಲಿ ಬರೆದ ಸಮುದ್ರಯಾನದ ಕಾದಂಬರಿಯಲ್ಲಿ ಹಲ್ಲು ಕೂಡ ಕಪ್ಪಾಗಿರುವ ಜನರ ದ್ವೀಪವೊಂದಿದೆ. ಕೊನೆಯ ಪುಟದಲ್ಲಿ ದೋಣಿಯಲ್ಲಿದ್ದ ಕಪ್ಪು ಮನುಷ್ಯ ಸಾಯುತ್ತಾನೆ, ಅದರ ಬೆನ್ನಿಗೇ ಹಿಮದಷ್ಟು ಬೆಳ್ಳಗಿನ ಬೃಹದಾಕಾರವೊಂದು ಎದುರಾಗುತ್ತದೆ, ಕಥೆ ಅಲ್ಲೇ ನಿಲ್ಲುತ್ತದೆ. ಹರ್ಮನ್ ಮೆಲ್ವಿಲ್‌ನ 'ಮೋಬಿ ಡಿಕ್' ಬಂದದ್ದು 1851ರಲ್ಲಿ. ತಿಮಿಂಗಿಲದ ಬಿಳುಪು ಏಕೆ ಎದೆ ನಡುಗಿಸುತ್ತದೆ ಎಂದು ಕೇಳುವ ಒಂದಿಡೀ ಅಧ್ಯಾಯ ಅದರಲ್ಲಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಮೆಲ್ವಿಲ್‌ನ ಮಾವ, ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಶಾ, ತಪ್ಪಿಸಿಕೊಂಡು ಬಂದಿದ್ದ ಥಾಮಸ್ ಸಿಮ್ಸ್ ಎಂಬ ಯುವಕನನ್ನು ಬಿಡಿಸಲು ಒಪ್ಪಲಿಲ್ಲ, ಅವನನ್ನು ಮತ್ತೆ ಗುಲಾಮಗಿರಿಗೆ ಸಾಗಿಸಿದರು. ಬಿಳಿ ಎಂಬುದು ಬರೀ ಬಣ್ಣವಾಗಿ ಉಳಿಯದೆ ದೇಶದ ಸಿದ್ಧಾಂತವೇ ಆಗಿಹೋಗಿದ್ದನ್ನು ಮೆಲ್ವಿಲ್ ಕಂಡು ಬೆಚ್ಚಿದ ಎಂಬುದು ಮಾರಿಸನ್ ಅವರ ಓದು. ಶಾಲೆಯಲ್ಲಿ ಇದನ್ನು ದೇವರು, ಪ್ರಕೃತಿ, ವಿಧಿ ಎಂದು ಪಾಠ ಮಾಡುತ್ತಿದ್ದರು. ಆ ಅರ್ಥಗಳು ಸುಳ್ಳಾಗುವುದಿಲ್ಲ. ಆದರೆ ಕಾಲದೇಶವನ್ನು ಒರೆಸಿ ಓದುವುದೂ ಒಂದು ಆಯ್ಕೆಯೇ, ಆ ಆಯ್ಕೆ ಯಾರಿಗೆ ಹಿತವಾಗಿತ್ತು ಎಂದು ಕೇಳಲೇಬೇಕು.

ಹಕ್ ಎಂಬ ಬಿಳಿ ಹುಡುಗ ಕಥೆ ಹೇಳುವ ಮಾರ್ಕ್ ಟ್ವೇನ್‌ನ ಕಾದಂಬರಿ 'ಹಕಲ್‌ಬೆರಿ ಫಿನ್' ಬಗ್ಗೆ ಒಂದು ಶತಮಾನದಿಂದ ಜಗಳ ನಡೆದೇ ಇದೆ. ಕಪ್ಪು ಜನರಿಗೆ ಬಳಸುವ ಆ ಬೈಗುಳ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. 2011ರಲ್ಲಿ ಒಂದು ಆವೃತ್ತಿ ಅದನ್ನು ತೆಗೆದು 'ಗುಲಾಮ' ಎಂದು ಹಾಕಿತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಶೆಲ್ಲಿ ಫಿಶರ್ ಫಿಶ್‌ಕಿನ್ 1993ರಲ್ಲಿ ಮುಂದಿಟ್ಟ ವಾದ. ಅಮೆರಿಕನ್ ಗದ್ಯಕ್ಕೆ ಹೊಸ ನಾಲಿಗೆ ಕೊಟ್ಟಿತೆಂದು ಹೊಗಳಿಸಿಕೊಂಡ ಹಕ್‌ನ ಮಾತಿನ ಧಾಟಿಗೆ ಒಂದು ಮೂಲ, ಜಿಮ್ಮಿ ಎಂಬ ಕಪ್ಪು ಬಾಲಕ. ಅವನ ಮಾತಿನ ಮೋಡಿಗೆ ಸಿಕ್ಕಿ ಟ್ವೇನ್ 1874ರಲ್ಲೇ ಪತ್ರಿಕೆಯಲ್ಲಿ ಒಂದು ಬರಹ ಬರೆದಿದ್ದ. ಇಡೀ ಆಧುನಿಕ ಅಮೆರಿಕನ್ ಸಾಹಿತ್ಯ ಈ ಒಂದು ಪುಸ್ತಕದಿಂದ ಹೊರಟಿತು ಎಂದು ಹೇಳಿದವನು ಯಾರು ಬಲ್ಲಿರಾ? ಅದೇ ಹೆಮಿಂಗ್ವೇ, ದೋಣಿಯ ಆಳಿಗೆ ಮಾತು ಕೊಡದವನು.

ಹಾಗಾದರೆ ಕಪ್ಪು ಲೇಖಕರು ಏನು ಬರೆಯಬೇಕು, ಯಾರಿಗಾಗಿ? ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬೋಯ್ಸ್ 1903ರಲ್ಲಿ 'ದ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' ಪುಸ್ತಕದಲ್ಲಿ ಇಬ್ಬಗೆಯ ಅರಿವು ಎಂಬುದನ್ನು ವಿವರಿಸಿದರು. ತನ್ನನ್ನು ತಾನು ಸದಾ ಇನ್ನೊಬ್ಬರ ಕಣ್ಣಿನಿಂದ ನೋಡಿಕೊಳ್ಳುವುದು, ತನ್ನ ಜೀವವನ್ನು ತಿರಸ್ಕಾರದ ತಕ್ಕಡಿಯಲ್ಲಿ ತೂಗಿಕೊಳ್ಳುವುದು. ಕೇರಿಯಿಂದ ಬಂದ ಆತ್ಮಕಥೆಗಳನ್ನು ಓದಿದ ಕನ್ನಡಿಗರಿಗೆ ಈ ಕಣ್ಣು ಹೊಸದೇನಲ್ಲ. ಇದು ನಾನು ಎಳೆದು ತಂದ ಹೋಲಿಕೆಯೂ ಅಲ್ಲ: ಅಂಬೇಡ್ಕರ್ 1946ರಲ್ಲಿ ಡುಬೋಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಮತ್ತು ಅಮೆರಿಕದ ನೀಗ್ರೋಗಳ ಸ್ಥಿತಿಯಲ್ಲಿರುವ ಸಾಮ್ಯವನ್ನು ಹೇಳಿ, ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಡುಬೋಯ್ಸ್ ಉತ್ತರಿಸಿದರು ಕೂಡ.

ಕಲೆಯೆಲ್ಲ ಪ್ರಚಾರವೇ, ಹಾಗೆಯೇ ಇರಬೇಕು ಎಂದು 1926ರಲ್ಲಿ ಡುಬೋಯ್ಸ್ ಹೇಳಿದರು. ಅದೇ ವರ್ಷ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ನಾವು ಹೇಗಿದ್ದೇವೋ ಹಾಗೆ ಬರೆಯುತ್ತೇವೆ, ಬಿಳಿಯರು ಮೆಚ್ಚಿದರೆ ಸಂತೋಷ, ಮೆಚ್ಚದಿದ್ದರೂ ಚಿಂತೆಯಿಲ್ಲ ಎಂದರು. ಈ ಎಳೆದಾಟದಲ್ಲಿ ಹೆಚ್ಚು ನೊಂದವರು ಜೋರಾ ನೀಲ್ ಹರ್ಸ್ಟನ್. ಫ್ಲಾರಿಡಾದ ಕಪ್ಪು ಜನರೇ ಆಳಿಕೊಂಡಿದ್ದ ಈಟನ್‌ವಿಲ್ ಊರಲ್ಲಿ ಬೆಳೆದವರು, ಮಾನವಶಾಸ್ತ್ರ ಓದಿದವರು, ಜನರ ಕಥೆ ಹಾಡುಗಳನ್ನು ಊರೂರು ತಿರುಗಿ ಕಲೆಹಾಕಿದವರು. ಅಂಗಡಿಯ ಜಗಲಿಯಲ್ಲಿ ಕೂತ ಜನರ ಮಾತನ್ನು ಅವರು 1937ರ ಕಾದಂಬರಿ 'ದೇರ್ ಐಸ್ ವರ್ ವಾಚಿಂಗ್ ಗಾಡ್'ನಲ್ಲಿ ಬರೆದ ಚಂದ ನೋಡಬೇಕು. ಆದರೆ ಕಪ್ಪು ಕಾದಂಬರಿಕಾರ ರಿಚರ್ಡ್ ರೈಟ್‌ಗೆ ಅದರಲ್ಲಿ ಹೋರಾಟ ಕಾಣಲಿಲ್ಲ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಆಟಗಳ ಮುಂದುವರಿಕೆ ಇದು ಎಂಬರ್ಥದಲ್ಲಿ ವಿಮರ್ಶೆ ಬರೆದರು. ರೈಟ್‌ರ ಸಿಟ್ಟಿಗೆ ಕಾರಣವಿತ್ತು, ಮಿಸಿಸಿಪ್ಪಿಯಲ್ಲಿ ಅವರು ಕಂಡ ಬದುಕು ನಗುವಂಥದ್ದಾಗಿರಲಿಲ್ಲ. ಆದರೂ ಆ ವಿಮರ್ಶೆ ಅನ್ಯಾಯದ್ದು ಎಂದೇ ನಾನು ಹೇಳುತ್ತೇನೆ. ಒಬ್ಬ ಹೆಂಗಸು ತನ್ನ ಪ್ರೀತಿಯನ್ನು, ತನ್ನ ಮಾತನ್ನು ತಾನೇ ಕಂಡುಕೊಳ್ಳುವ ಕಥೆಯಲ್ಲಿ ರಾಜಕೀಯವಿಲ್ಲ ಎನ್ನಲು ಗಂಡಸಿನ ಕಿವಿಯೇ ಬೇಕು. ಹರ್ಸ್ಟನ್ 1960ರಲ್ಲಿ ಬಡತನದಲ್ಲಿ ತೀರಿಕೊಂಡರು, ಸಮಾಧಿಗೆ ಕಲ್ಲೂ ಇರಲಿಲ್ಲ. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಫೋರ್ಟ್ ಪಿಯರ್ಸ್‌ನ ಸ್ಮಶಾನದಲ್ಲಿ ಸೊಂಟಮಟ್ಟ ಬೆಳೆದ ಕಳೆಯ ನಡುವೆ ಹುಡುಕಾಡಿ, ಇಲ್ಲಿಯೇ ಇರಬೇಕು ಎನಿಸಿದ ಜಾಗದಲ್ಲಿ ಕಲ್ಲು ನೆಡಿಸಿದರು. ಅದು ವಿಮರ್ಶೆಯ ಕೆಲಸವೇ ಎಂದು ನನ್ನ ಎಣಿಕೆ. ಅದಾದ ಮೇಲೆ ಹರ್ಸ್ಟನ್ ಮತ್ತೆ ಮತ್ತೆ ಅಚ್ಚಾದರು, ಹೆಚ್ಚು ಹೆಚ್ಚು ತರಗತಿಗಳಿಗೆ ಬಂದರು.

ತರಗತಿಯ ಬಾಗಿಲೂ ತಾನಾಗಿ ತೆರೆಯಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ 1968ರ ನವೆಂಬರಿನಲ್ಲಿ ಶುರುವಾದ ವಿದ್ಯಾರ್ಥಿ ಮುಷ್ಕರ ತಿಂಗಳುಗಟ್ಟಲೆ ನಡೆದ ಮೇಲೆ ಕಪ್ಪು ಅಧ್ಯಯನದ ವಿಭಾಗ ನೆಲೆಯಾಯಿತು. ಆಮೇಲೆ ವಿಮರ್ಶೆಗೆ ತನ್ನದೇ ಸಲಕರಣೆ ಬೇಕಾಯಿತು. ವಿಮರ್ಶಕ ಹೆನ್ರಿ ಲೂಯಿಸ್ ಗೇಟ್ಸ್ ಅದನ್ನು ಬೀದಿಯ ಮಾತಿನಲ್ಲೇ ಹುಡುಕಿದರು. ಕಪ್ಪು ಜನರ ನಡುವೆ ಒಂದು ಕೋತಿಯ ಕಥೆಯಿದೆ. ಆನೆ ನಿನ್ನನ್ನು ಹೀಗೆಲ್ಲ ಬೈಯಿತು ಎಂದು ಕೋತಿ ಸಿಂಹದ ಕಿವಿಯೂದುತ್ತದೆ. ಸಿಂಹ ಹೋಗಿ ಆನೆಯಿಂದ ಒದೆ ತಿಂದು ಬರುತ್ತದೆ. ಕೋತಿ ಆಡಿದ್ದು ಅಡ್ಡಮಾತು, ಸಿಂಹ ಹಿಡಿದದ್ದು ನೇರ ಅರ್ಥ. ಒಂದು ಹೇಳಿ ಇನ್ನೊಂದನ್ನು ಮುಟ್ಟಿಸುವ ಈ ಮಾತುಗಾರಿಕೆಗೆ ಅವರಲ್ಲಿ 'ಸಿಗ್ನಿಫೈಯಿಂಗ್' ಎಂದು ಹೆಸರು. ಕಪ್ಪು ಲೇಖಕರು ಹಿಂದಿನವರ ಪುಸ್ತಕಗಳನ್ನು ಹೀಗೆಯೇ ತಿರುವಿ ಆಡುತ್ತಾರೆ, ಜಾಝ್ ವಾದಕ ಹಳೆಯ ರಾಗವನ್ನು ತಿರುವಿದ ಹಾಗೆ ಎಂದು ಗೇಟ್ಸ್ 1988ರಲ್ಲಿ ವಾದಿಸಿದರು. ವೀಟ್ಲಿಯ ಅಲ್ಪವಿರಾಮ ಈಗ ನೆನಪಾಗದೆ ಇರದು. ಇದೇ ಹೊತ್ತಿನಲ್ಲಿ ಕಪ್ಪು ವಿಮರ್ಶಕಿ ಬಾರ್ಬರಾ ಕ್ರಿಶ್ಚಿಯನ್ ಒಂದು ಎಚ್ಚರಿಕೆ ಕೊಟ್ಟರು: ನಮ್ಮ ಜನ ಕಥೆಯಲ್ಲಿ, ಒಗಟಿನಲ್ಲಿ, ಗಾದೆಯಲ್ಲಿ ಸಿದ್ಧಾಂತ ಕಟ್ಟುತ್ತಲೇ ಬಂದವರು, ಬಿಡಿಸಲಾಗದ ಪರಿಭಾಷೆಗೆ ಬಿದ್ದು ನಮ್ಮ ಲೇಖಕಿಯರನ್ನೇ ಮರೆಯಬೇಡಿ ಎಂದು. ಆ ಮಾತಿನ ಕಾವು ಇನ್ನೂ ಆರಿಲ್ಲ.

ಇಷ್ಟೆಲ್ಲ ಓದಲು ಬಿಡುವಿಲ್ಲದವರಿಗೆ ನಾನು ಒಂದೇ ಕಥೆ ಕೈಗೆ ಕೊಡುತ್ತೇನೆ. ಮಾರಿಸನ್ 1983ರಲ್ಲಿ ಪ್ರಕಟಿಸಿದ 'ರೆಸಿಟಟಿಫ್'. ಟ್ವೈಲಾ, ರಾಬರ್ಟಾ ಎಂಬ ಎಂಟು ವರ್ಷದ ಇಬ್ಬರು ಹುಡುಗಿಯರು ಒಂದು ಆಶ್ರಮದಲ್ಲಿ ನಾಲ್ಕು ತಿಂಗಳು ಒಂದೇ ಕೋಣೆಯಲ್ಲಿರುತ್ತಾರೆ. ಒಬ್ಬಳು ಕಪ್ಪು, ಒಬ್ಬಳು ಬಿಳಿ. ಯಾರು ಯಾವುದು ಎಂದು ಕಥೆ ಕೊನೆಯವರೆಗೂ ಹೇಳುವುದಿಲ್ಲ. 'ಅವರು ತಲೆ ತೊಳೆಯುವುದಿಲ್ಲ, ಅವರ ಮೈ ವಾಸನೆ' ಎಂದು ಅಮ್ಮ ಹೇಳಿದ್ದು ಟ್ವೈಲಾಗೆ ನೆನಪಾಗುತ್ತದೆ. ಓದುಗ ತಕ್ಷಣ ಲೆಕ್ಕ ಹಾಕುತ್ತಾನೆ. ಮುಂದೆ ಒಬ್ಬಳು ಕಪ್ಪು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನನ್ನು ನೋಡಲು ಹೊರಟಿರುತ್ತಾಳೆ, ಇನ್ನೊಬ್ಬಳಿಗೆ ಅವನ ಹೆಸರೇ ಗೊತ್ತಿಲ್ಲ. ಮತ್ತೆ ಲೆಕ್ಕ. ಒಬ್ಬಳಿಗೆ ಶ್ರೀಮಂತ ಗಂಡ, ಇನ್ನೊಬ್ಬಳ ಗಂಡ ಅಗ್ನಿಶಾಮಕ ದಳದವನು. ಪ್ರತಿ ಸಲವೂ ಲೆಕ್ಕ ತಲೆಕೆಳಗಾಗುತ್ತದೆ. ಬಾಯಿ ಬಾರದ ಅಡುಗೆಮನೆಯ ಹೆಂಗಸು ಮ್ಯಾಗಿಯನ್ನು ಚಿಕ್ಕಂದಿನಲ್ಲಿ ಒದ್ದದ್ದು ಯಾರು, ಅವಳು ಕಪ್ಪೋ ಅಲ್ಲವೋ ಎಂದು ಗೆಳತಿಯರಿಬ್ಬರೂ ದೊಡ್ಡವರಾದ ಮೇಲೆ ಜಗಳವಾಡುತ್ತಾರೆ, ಇಬ್ಬರಿಗೂ ಖಚಿತವಿಲ್ಲ. ಕಥೆ ಮುಗಿಸಿದಾಗ ನನ್ನ ಕೈಯಲ್ಲಿ ಉಳಿದದ್ದು ಆ ಹುಡುಗಿಯರ ಬಣ್ಣವಲ್ಲ, ನಾನು ಇಡೀ ಹೊತ್ತು ಅದನ್ನೇ ಹುಡುಕುತ್ತಿದ್ದೆ ಎಂಬ ಅರಿವು.

ಈ ಕಥೆಯನ್ನು ಕನ್ನಡಕ್ಕೆ ತರುವವರ ಕಷ್ಟ ಊಹಿಸಿ. ಹೇಗೆ ಮಾತಾಡಿಸಿದರೂ ಒಬ್ಬಳು ಯಾವುದೋ ಕೇರಿಯವಳಾಗಿ ಕೇಳಿಸಿಬಿಟ್ಟಾಳು. ಇನ್ನೊಂದು ಕಷ್ಟವೂ ಇದೆ. 2020ರಿಂದ ಅಮೆರಿಕದ ದೊಡ್ಡ ಪತ್ರಿಕೆಗಳು 'ಬ್ಲ್ಯಾಕ್' ಪದವನ್ನು ದೊಡ್ಡಕ್ಷರದಿಂದ ಬರೆಯುತ್ತಿವೆ, ಅದು ಬರೀ ಬಣ್ಣವಲ್ಲ, ಹಂಚಿಕೊಂಡ ಚರಿತ್ರೆ ಎಂದು ತೋರಿಸಲು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ. 'ಕರಿಯ' ಎಂದರೆ ನಮ್ಮಲ್ಲಿ ಹೆಸರೂ ಹೌದು, ಮೂದಲಿಕೆಯೂ ಹೌದು. ಆ ಭಾರವನ್ನು ವಾಕ್ಯವೇ ಹೊರಬೇಕು.

ಈಗ ಒಳಗಿನವರಲ್ಲೇ ಒಂದು ಪ್ರಶ್ನೆಯಿದೆ. ಕಪ್ಪು ವಿಮರ್ಶಕ ಕೆನೆತ್ ವಾರನ್ 2011ರಲ್ಲಿ, ಆಫ್ರಿಕನ್ ಅಮೆರಿಕನ್ ಸಾಹಿತ್ಯ 'ಇತ್ತು' ಎಂದು ಭೂತಕಾಲದಲ್ಲಿ ಮಾತಾಡಬೇಕು ಎಂದರು. ಪ್ಲೆಸಿ ತೀರ್ಪಿನ ಕಾಲದ ಪ್ರತ್ಯೇಕತೆಯ ಕಾನೂನುಗಳಿಗೆ ಉತ್ತರವಾಗಿ ಆ ಸಾಹಿತ್ಯ ರೂಪುಗೊಂಡಿತು, ಕಾನೂನು ಹೋದ ಮೇಲೆ ಕಪ್ಪು ಲೇಖಕರು ಬರೆದದ್ದನ್ನೆಲ್ಲ ಒಂದೇ ಪರಂಪರೆ ಎನ್ನುವುದು ಸರಿಯಲ್ಲ ಎಂಬುದು ಅವರ ವಾದ. ಗಟ್ಟಿ ವಾದ, ಕಪ್ಪು ಲೇಖಕನಿಂದ ಸದಾ ನೋವಿನ ಕಥೆಯನ್ನೇ ಬೇಡುವ ಪ್ರಕಾಶನ ಮಾರುಕಟ್ಟೆಗೆ ಒಳ್ಳೆಯ ಪೆಟ್ಟೂ ಹೌದು. ಆದರೆ ಕಾನೂನು ಹೋದರೂ ವಾಕ್ಯಗಳು ಉಳಿದಿರುತ್ತವೆ, ಅವುಗಳನ್ನು ಓದಿಯೇ ಮುಂದಿನವರು ಬರೆಯಲು ಕಲಿಯುತ್ತಾರೆ.

ಪರ್ಸಿವಲ್ ಎವೆರೆಟ್ ಅದನ್ನೇ ಮಾಡಿದರು. 2024ರಲ್ಲಿ ಬಂದ, ಮರುವರ್ಷ ಪುಲಿಟ್ಜರ್ ಪಡೆದ ಅವರ 'ಜೇಮ್ಸ್' ಕಾದಂಬರಿಯಲ್ಲಿ ಹಕ್‌ನ ಜೊತೆ ತೆಪ್ಪದಲ್ಲಿ ಹೋಗುವ ಗುಲಾಮ ಜಿಮ್, ಅಂದರೆ ಜೇಮ್ಸ್, ತಾನೇ ಕಥೆ ಹೇಳುತ್ತಾನೆ. ಒಳಗಿನವರ ನಡುವೆ ಅವನದು ಶುದ್ಧ ಗ್ರಂಥಸ್ಥ ಇಂಗ್ಲಿಷ್. ಬಿಳಿಯರ ಮುಂದೆ ತಪ್ಪುತಪ್ಪಾಗಿ ಮಾತಾಡುವುದು ಹೇಗೆಂದು ಅವನು ಮಕ್ಕಳಿಗೆ ಪಾಠ ಹೇಳಿಕೊಡುತ್ತಾನೆ, ಏಕೆಂದರೆ ಬಿಳಿಯರಿಗೆ ತಾವೇ ಮೇಲು ಅನ್ನಿಸಿದಷ್ಟೂ ಮಕ್ಕಳ ಜೀವಕ್ಕೆ ಕ್ಷೇಮ. ಓಡುವ ದಾರಿಯಲ್ಲಿ ಅವನಿಗೆ ಬರೆಯುವ ಆಸೆ. ಜಾರ್ಜ್ ಎಂಬ ಇನ್ನೊಬ್ಬ ಗುಲಾಮ ತನ್ನ ಒಡೆಯನ ಪೆನ್ಸಿಲ್ ತುಂಡೊಂದನ್ನು ಕದ್ದು ತಂದುಕೊಡುತ್ತಾನೆ. ಅದಕ್ಕಾಗಿ ಅವನನ್ನು ಕೊಲ್ಲುತ್ತಾರೆ. ಜೇಮ್ಸ್ ಆ ತುಂಡನ್ನು ಜೇಬಿನಲ್ಲಿ ಇಟ್ಟುಕೊಂಡು, ನದಿಯಲ್ಲಿ ನೆನೆದಾಗಲೆಲ್ಲ ಅದು ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾನೆ.